ದೊಡ್ಡ ಹುಣಸೆಯ ಮರವೂ ಅದರ ಉಪಯೋಗಗಳೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್. ಎಜಿ., ಬರೆದುದು)

ಮರವೊಂದಕ್ಕೆ ಬೆಲೆ ಕಟ್ಟುವಾಗ ನಮ್ಮ ಗ್ರಾಮಗಳ ಹಿರಿಯರು ಮೊದಲು ಅದರ ದಿಮ್ಮಿಯನ್ನು ನೋಡುವರು. ತೊಲೆಗೆ ಬರುವುದೇ, ನೇಗಿಲಿಗೆ ಬರುವುದೇ, ಬಾಗಿಲುವಾಡಕ್ಕೆ ಬರುವುದೇ, ಇದಾವುದಕ್ಕೂ ಒದಗದಿದ್ದರೆ ಒಲೆಗಾದರೂ ಬರುವುದೇ ಎಂದು ವಿಚಾರಿಸುವುದು ರೂಢಿಯಾಗಿರುವುದು. ಈ ಒರೆಗಲ್ಲಿಗೆ ಹಚ್ಚಿ ನೋಡಿದರೆ, ಭೂಮಿಯ ಮೇಲಿನ ಅತ್ಯಂತ ದಪ್ಪನಾದ ಮರಗಳಲ್ಲಿ ಒಂದಾದ ದೊಡ್ಡ ಹುಣಸೆಯು ಯಾವ ಕೆಲಸಕ್ಕೂ ಬಾರದ್ದೆಂದೇ ತೀರ್ಮಾನವಾಗುವುದು. ಅದರ ದಿಮ್ಮಿ ನೀರು ತುಂಬಿದ ಬೆಂಡಿನಂತೆ ಮೆತ್ತಗೆ. ಹಲಗೆಯಾಗದು, ಕಂಬವಾಗದು, ನೆಟ್ಟಗೆ ಉರಿಯದು. ಆದರೆ ಆಫ್ರಿಕಾ ಖಂಡದ ಒಣಸೀಮೆಗಳ ರೈತರು ಇದೇ ಮರವನ್ನು ತಮ್ಮ ಮನೆಯ ಕಣಜದಂತೆ ಕಾಪಾಡಿಕೊಂಡು ಬಂದಿರುವರು. ಕಾರಣವಿಷ್ಟೇ: ಮಿಕ್ಕ ಮರಗಳು ಬಿದ್ದ ಮೇಲೆ ಬೆಲೆ ಬಾಳುವುವು, ಈ ಮರವು ನಿಂತಿರುವ ತನಕ ಮಾತ್ರ ಬೆಲೆ ಬಾಳುವುದು. ಈ ಒಂದು ಅಂಶವನ್ನು ಭೂಮಾಲೀಕರೂ ಗ್ರಾಮದ ಮುಖ್ಯಸ್ಥರೂ ಮನಸ್ಸಿನಲ್ಲಿಟ್ಟುಕೊಂಡು ಮುಂದಿನ ವಿಷಯಗಳನ್ನು ಪರ್ಯಾಲೋಚಿಸಬೇಕೆಂದು ಪ್ರಾರ್ಥನೆ.

ಮರದ ಗುರುತು

ಈ ಮರಕ್ಕೆ ಇಂಗ್ಲಿಷಿನಲ್ಲಿ ಬಾವೋಬಾಬ್ ಎಂದೂ ಸಸ್ಯಶಾಸ್ತ್ರದಲ್ಲಿ ಅಡನ್ಸೋನಿಯಾ ಡಿಜಿಟೇಟಾ ಎಂದೂ ಹೆಸರು. 1749ರಿಂದ 1753ರ ವರೆಗೆ ಪಶ್ಚಿಮ ಆಫ್ರಿಕಾದ ಸೆನೆಗಾಲ್ ಸೀಮೆಯಲ್ಲಿದ್ದು ಈ ಮರವನ್ನು ಪರಿಶೀಲಿಸಿದ ಮಿಶೆಲ್ ಅಡನ್ಸನ್ ಎಂಬ ಫ್ರೆಂಚ್ ವಿದ್ವಾಂಸನ ಗೌರವಾರ್ಥವಾಗಿ ಲಿನೇಯಸ್ ಪಂಡಿತನು ಮೊದಲನೆಯ ಪದವನ್ನು ಇಟ್ಟನು. ಎರಡನೆಯ ಪದಕ್ಕೆ ಬೆರಳುಗಳುಳ್ಳದ್ದು ಎಂದರ್ಥ. ಒಂದು ತೊಟ್ಟಿನ ತುದಿಯಲ್ಲಿ ಐದರಿಂದ ಏಳು ಎಲೆಗಳು ಅಂಗೈಯ ಬೆರಳುಗಳಂತೆ ಹರಡಿಕೊಂಡಿರುವುದೇ ಈ ಹೆಸರಿಗೆ ಕಾರಣ.

ಸವಣೂರಿನ ಕಡೆ ಇದನ್ನು ದೊಡ್ಡ ಹುಣಸೆ ಎನ್ನುವರು. ಹಿಂದಿಯಲ್ಲಿ ಗೋರಖ್ ಇಮ್ಲಿ, ಮರಾಠಿಯಲ್ಲಿ ಗೋರಖ ಚಿಂಚ, ತಮಿಳಿನಲ್ಲಿ ಆನೈಪ್ಪುಳಿ ಎಂಬ ಹೆಸರುಗಳುಂಟು. ಎಲ್ಲ ಹೆಸರುಗಳಲ್ಲಿಯೂ ಹುಣಸೆಯೇ ಸೇರಿರುವುದು ಕಾಯಿಯೊಳಗಿನ ಹುಳಿಯ ತಿರುಳಿನ ದೆಸೆಯಿಂದಲೇ ಹೊರತು ಕುಲದ ದೆಸೆಯಿಂದಲ್ಲ. ಹುಣಸೆಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಇದು ನಮ್ಮ ಬೂರುಗದ ಮರದ ಹತ್ತಿರದ ದಾಯಾದಿ. ಹತ್ತಿ, ಬೆಂಡೆ, ಪುಂಡಿ ಇವು ದೂರದ ಬಂಧುಗಳು. ಈ ಬಂಧುತ್ವದಿಂದ ಕೆಲವು ಅನುಕೂಲಗಳೂ ಒಂದು ಪ್ರತಿಕೂಲವೂ ಉಂಟಾಗಿರುವುವು. ಅವನ್ನು ಮುಂದೆ ವಿವರಿಸಲಾಗುವುದು.

ವರ್ಷದ ಬಹುಭಾಗ ಮರವು ಎಲೆಯಿಲ್ಲದೆ ಬೋಳಾಗಿ ನಿಂತಿರುವುದು. ಆ ಕಾಲದಲ್ಲಿ ದಪ್ಪನಾದ ಕಾಂಡದ ಮೇಲೆ ಕುಳ್ಳಾದ ಕೊಂಬೆಗಳು ಚಾಚಿಕೊಂಡಿರುವುದನ್ನು ನೋಡಿದರೆ, ಮರವನ್ನು ಕಿತ್ತು ಬೇರನ್ನು ಮೇಲುಮಾಡಿ ನಿಲ್ಲಿಸಿದಂತೆ ತೋರುವುದು. ಮಳೆ ಪ್ರಾರಂಭವಾಗುವ ಹೊತ್ತಿಗೆ ಎಲೆ ಮೂಡುವುದು. ಕಾಂಡದಲ್ಲಿ ಸಂಗ್ರಹವಾದ ನೀರೇ ಮೊದಲ ಚಿಗುರಿಗೆ ಆಧಾರ. ಬರಗಾಲದಲ್ಲಿ ಕಾಂಡದ ಸುತ್ತಳತೆ ಸ್ವಲ್ಪ ಕುಗ್ಗುವುದು, ಮಳೆಯಾದ ಮೇಲೆ ತಿರುಗಿ ಹಿಗ್ಗುವುದು. ಹೂವು ಬೆಳ್ಳಗೆ, ದೊಡ್ಡದಾಗಿ, ಉದ್ದವಾದ ತೊಟ್ಟಿನಿಂದ ಕೆಳಮುಖವಾಗಿ ತೂಗುವುದು. ಸಂಜೆ ಅರಳಿ ಮರುದಿನವೇ ಬಾಡುವುದು. ಇದರ ಪರಾಗವನ್ನು ಸಾಗಿಸುವ ಕೆಲಸವು ರಾತ್ರಿ ಹಾರಾಡುವ ಬಾವಲಿಗಳಿಗೂ ಪತಂಗಗಳಿಗೂ ಸೇರಿದುದು. ಕಾಯಿ ಒಂದು ಗೇಣಿನಷ್ಟು ಉದ್ದವಾಗಿ, ಮೇಲೆ ಮಖಮಲ್ಲಿನಂತಹ ರೋಮವನ್ನೂ ಒಳಗೆ ಗಟ್ಟಿಯಾದ ಕರಟವನ್ನೂ ಹೊಂದಿರುವುದು. ಕರಟವನ್ನೊಡೆದರೆ ಬೀಜಗಳಿಗೆ ಅಂಟಿಕೊಂಡ ಒಣ ತಿರುಳು ಬಿಳಿಯ ಸುಣ್ಣದ ಉಂಡೆಗಳಂತೆ ಕಾಣುವುದು.

ನಮ್ಮ ದೇಶಕ್ಕೆ ಬಂದ ಬಗೆ

ಈ ಕುಲದಲ್ಲಿ ಎಂಟು ಜಾತಿಗಳುಂಟು. ಆರು ಜಾತಿಗಳು ಮಡಗಾಸ್ಕರ್ ದ್ವೀಪದಲ್ಲಿಯೂ, ಒಂದು ಆಸ್ಟ್ರೇಲಿಯಾದಲ್ಲಿಯೂ, ನಾವು ಹೇಳುತ್ತಿರುವ ಜಾತಿಯು ಆಫ್ರಿಕಾ ಖಂಡದ ಒಣಪ್ರದೇಶಗಳಲ್ಲಿಯೂ ಸ್ವಾಭಾವಿಕವಾಗಿ ಬೆಳೆಯುವುವು. ನಮ್ಮ ದೇಶದಲ್ಲಿರುವ ಮರಗಳೆಲ್ಲವೂ ಆಫ್ರಿಕಾದ ಜಾತಿಗೆ ಸೇರಿದವು. ಇವುಗಳ ವಂಶವಾಹಿಗಳನ್ನು ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದ ಸಂಶೋಧನೆಯಿಂದ, ಬೀಜವು ಒಂದೇ ಸಲವಲ್ಲದೆ ಬೇರೆ ಬೇರೆ ಕಾಲಗಳಲ್ಲಿ ಅನೇಕ ಸಲ ಸಮುದ್ರ ದಾಟಿ ಬಂದಿತೆಂದೂ, ಬಹುಭಾಗವು ಆಫ್ರಿಕಾದ ಪೂರ್ವ ಕರಾವಳಿಯದೆಂದೂ ತಿಳಿದುಬಂದಿರುತ್ತದೆ. ವ್ಯಾಪಾರದ ಹಡಗುಗಳು ಮಾತ್ರವಲ್ಲದೆ, ದಖ್ಖಣದ ಸುಲ್ತಾನರ ಸೇವೆಗೆ ಬಂದ ಹಬಶಿ ಜನರ ಓಡಾಟವನ್ನೂ ಇಲ್ಲಿ ಸ್ಮರಿಸಬೇಕಾಗುವುದು. ಹಳೆಯ ಕೋಟೆಕೊತ್ತಲಗಳಿರುವ ವಿಜಯಪುರ, ಗೋಲ್ಕೊಂಡ, ಮಾಳವದ ಮಾಂಡು ಮೊದಲಾದ ಸ್ಥಳಗಳಲ್ಲಿ ಈ ಮರಗಳು ಕಂಡುಬರುವುದು ಗಮನಾರ್ಹ. ಮಾಂಡುವಿನಲ್ಲಿ ಕಾಯಿಗಳನ್ನು ದಾರಿಯ ಬದಿಯಲ್ಲಿಟ್ಟು ಯಾತ್ರಿಕರಿಗೆ ಮಾರುವ ಪದ್ಧತಿಯೂ ಉಂಟು.

ನಮ್ಮ ರಾಜ್ಯದಲ್ಲಿ ಹೆಚ್ಚು ಪ್ರಸಿದ್ಧವಾದವು ಹಾವೇರಿ ಜಿಲ್ಲೆಯ ಸವಣೂರಿನ ಮೂರು ಮರಗಳು. ಇವು ನಿಂತಿರುವ ಸ್ಥಳದ ಮಠಕ್ಕೆ ದೊಡ್ಡಹುಣಸೇ ಕಲ್ಮಠವೆಂದೇ ಹೆಸರು ಬಂದಿರುವುದು. ಒಂದೊಂದು ಬುಡವನ್ನೂ ಹಲವರು ಆಳುಗಳು ಕೈಕೈ ಹಿಡಿದು ನಿಂತು ಸುತ್ತಬೇಕು. ಇವುಗಳ ವಯಸ್ಸು ಸಾವಿರಾರು ವರ್ಷಗಳೆಂದು ಐತಿಹ್ಯವುಂಟು. ಭಕ್ತಿಗೆ ಅದು ಸಲ್ಲುವುದಾದರೂ, ಗಾತ್ರವನ್ನು ನೋಡಿ ಈ ಮರದ ವಯಸ್ಸನ್ನು ಹೇಳುವುದು ಸರಿಯಲ್ಲ. ನೀರು ಮತ್ತು ಮಣ್ಣು ಅನುಕೂಲವಾದಲ್ಲಿ ಇದು ಬೇಗನೆ ದಪ್ಪವಾಗುವುದು. ಒಳಗೆ ಟೊಳ್ಳಾಗುವುದರಿಂದಲೂ ವರ್ಷದ ಬಳೆಗಳು ಅಸ್ಪಷ್ಟವಾಗಿರುವುದರಿಂದಲೂ ಬಳೆಗಳನ್ನು ಎಣಿಸುವ ಕ್ರಮವೂ ಇಲ್ಲಿ ಸಾಗದು. ಇಂಗಾಲದ ಪರೀಕ್ಷೆಯೊಂದೇ ಮಾರ್ಗ. ಆ ಪರೀಕ್ಷೆಯಿಂದ ಜಿಂಬಾಬ್ವೆ ದೇಶದ ಪಾಂಕೆ ಎಂಬ ಮರಕ್ಕೆ ಸುಮಾರು 2,450 ವರ್ಷ ವಯಸ್ಸೆಂದು ಗೊತ್ತಾಗಿತ್ತು.

ಉಪಯೋಗಗಳು

1. ಎಲೆ. ಪಶ್ಚಿಮ ಆಫ್ರಿಕಾದ ಒಣಸೀಮೆಯ ರೈತನಿಗೆ ಈ ಮರದ ಮುಖ್ಯ ಫಸಲು ಎಲೆಯೇ. ಮಳೆಗಾಲದಲ್ಲಿ ಎಳೆಯ ಎಲೆಗಳನ್ನು ಕಿತ್ತು ಹಸಿಯಾಗಿ ಪಲ್ಯ ಮಾಡುವರು. ಮಿಕ್ಕುದನ್ನು ಒಣಗಿಸಿ, ಕುಟ್ಟಿ, ಪುಡಿಮಾಡಿ ವರ್ಷವಿಡೀ ಸಾರಿಗೆ ಹಾಕುವರು. ನೈಜೀರಿಯಾದ ಹೌಸಾ ಜನರು ಈ ಪುಡಿಗೂ ಮರಕ್ಕೂ ಕೂಕಾ ಎನ್ನುವರು. ಅಲ್ಲಿ ಜೋಳ, ಸಜ್ಜೆಗಳ ಮುದ್ದೆಗೆ ಈ ಸಾರೇ ಜೊತೆ. ಬೆಂಡೆಯ ಬಂಧುವಾದುದರಿಂದ ಎಲೆಯಲ್ಲಿ ಲೋಳೆಯ ಅಂಶವುಂಟು. ಸಾರು ಗಟ್ಟಿಯಾಗುವುದು ಇದರಿಂದಲೇ. ಎಲೆಯಲ್ಲಿ ಸುಣ್ಣದ ಅಂಶವೂ ಕಬ್ಬಿಣದ ಅಂಶವೂ, ಕಣ್ಣಿಗೆ ಹಿತವಾದ ಎ ಜೀವಸತ್ವವನ್ನು ಕೊಡುವ ಪದಾರ್ಥವೂ ಇರುವುವು. ಈ ಕೊನೆಯದು ಬಿಸಿಲಿನಲ್ಲಿ ನಾಶವಾಗುವುದರಿಂದ ಎಲೆಯನ್ನು ನೆರಳಿನಲ್ಲಿಯೇ ಒಣಗಿಸತಕ್ಕದ್ದು. ಜೋಳದ ರೊಟ್ಟಿಗೆ ಪುಂಡಿಯ ಪಲ್ಯವನ್ನು ನಂಚಿಕೊಳ್ಳುವ ನಮ್ಮ ಬಯಲುಸೀಮೆಯವರಿಗೆ ಈ ಸೊಪ್ಪಿನ ಪ್ರಯೋಜನವನ್ನು ಹೆಚ್ಚಾಗಿ ಹೇಳಬೇಕಾದುದಿಲ್ಲ. ದನಕರುಗಳೂ ಆಡುಕುರಿಗಳೂ ಎಲೆಯನ್ನು ಇಷ್ಟಪಟ್ಟು ಮೇಯುವುವು.

ಮಾಲಿ, ನೈಜರ್, ಬುರ್ಕಿನಾ ಫಾಸೊ ಮೊದಲಾದ ದೇಶಗಳಲ್ಲಿ ಮತ್ತೊಂದು ಕ್ರಮವುಂಟು. ಮರವು ಬೆಳೆಯುವ ತನಕ ಕಾಯದೆ, ಬೀಜವನ್ನು ಮಡಿಗಳಲ್ಲಿ ಒತ್ತಾಗಿ ಬಿತ್ತಿ, ಸಸಿಗಳು ಮೊಳದೆತ್ತರ ಬಂದಂತೆ ಸೊಪ್ಪಿನ ಗಿಡವನ್ನು ಕೊಯ್ದಂತೆ ತುದಿಗಳನ್ನು ಕೊಯ್ದು, ಅವು ತಿರುಗಿ ಚಿಗುರಿದ ಮೇಲೆ ತಿರುಗಿ ಕೊಯ್ಯುವರು. ಮರವಾಗಲು ವರ್ಷಗಳು ಬೇಕಾದರೂ ಸೊಪ್ಪು ಬಿತ್ತಿದ ವರ್ಷವೇ ಕೈಗೆ ಬರುವುದು.

2. ಕಾಯಿಯ ತಿರುಳು. ತಿರುಳು ಮರದ ಮೇಲೆಯೇ ತಾನಾಗಿ ಒಣಗಿರುವುದರಿಂದ ಒಣಗಿಸುವ ವೆಚ್ಚವಿಲ್ಲ. ಕರಟ ಒಡೆಯದಿದ್ದರೆ ಬಹುಕಾಲ ಕೆಡದೆ ಇರುವುದು. ಇದನ್ನು ನೀರಿನಲ್ಲಿ ಕಿವುಚಿ, ಬೀಜ ನಾರುಗಳನ್ನು ಸೋಸಿ, ಬೆಲ್ಲವನ್ನೋ ಸಕ್ಕರೆಯನ್ನೋ ಸೇರಿಸಿದರೆ ಹುಳಿಸಿಹಿಯಾದ ಪಾನಕವಾಗುವುದು. ಸೆನೆಗಾಲಿನಲ್ಲಿ ಇದಕ್ಕೆ ಬುಯಿ ಎಂದು ಹೆಸರು. ಮಲಾವಿ, ಜಿಂಬಾಬ್ವೆಗಳಲ್ಲಿ ಅಂಬಲಿಗೂ ಗಂಜಿಗೂ ಬೆರೆಸುವರು. ಕೆನ್ಯಾ ದೇಶದ ಕರಾವಳಿಯಲ್ಲಿ ತಿರುಳು ಅಂಟಿದ ಬೀಜಗಳಿಗೆ ಸಕ್ಕರೆ ಪಾಕವನ್ನೂ ಕೆಂಪು ಬಣ್ಣವನ್ನೂ ಹಚ್ಚಿ ಮಕ್ಕಳಿಗೆ ಮಾರುವರು.

ತಿರುಳಿನ ಮುಖ್ಯ ಗುಣವು ಸಿ ಜೀವಸತ್ವ. ಮರದಿಂದ ಮರಕ್ಕೆ ಬಹಳ ವ್ಯತ್ಯಾಸವಿದ್ದರೂ, ನೂರು ಗ್ರಾಂ ಒಣ ತಿರುಳಿನಲ್ಲಿ ಸಾಮಾನ್ಯವಾಗಿ 150ರಿಂದ 300 ಮಿಲಿಗ್ರಾಂ ವರೆಗೆ ಇರುವುದು. ಅಷ್ಟೇ ತೂಕದ ಕಿತ್ತಳೆಯಲ್ಲಿ ಸುಮಾರು 50 ಮಿಲಿಗ್ರಾಂ ಮಾತ್ರ. ಆದರೆ ಕುದಿಸಿದರೆ ಈ ಸತ್ವ ಬಹುಮಟ್ಟಿಗೆ ಹೋಗುವುದರಿಂದ ತಣ್ಣೀರಿನಲ್ಲಿಯೇ ಕಲಸತಕ್ಕದ್ದು. ಒಣ ತಿರುಳನ್ನು ಆಹಾರದಲ್ಲಿ ಬೆರೆಸಿ ಮಾರಲು ಐರೋಪ್ಯ ಒಕ್ಕೂಟವು 2008ರಲ್ಲಿ ಅನುಮತಿ ಕೊಟ್ಟಿತು. ಅಮೆರಿಕಾ ಸಂಯುಕ್ತ ಸಂಸ್ಥಾನವು 2009ರಲ್ಲಿ ಒಪ್ಪಿತು. ಅಲ್ಲಿಂದೀಚೆಗೆ ಈ ಪುಡಿಯು ಹಡಗೇರಿ ಹೋಗುವ ಸರಕಾಗಿರುವುದು.

3. ಬೀಜ. ಬೀಜದ ತಿರುಳಿನಲ್ಲಿ ಎಣ್ಣೆಯೂ ಪೌಷ್ಟಿಕವಾದ ಸಸಾರಜನಕ ಅಂಶವೂ ಉಂಟು. ಹುರಿದು ತಿನ್ನುವರು, ಹುರಿದು ಕುಟ್ಟಿ ಸಾರಿಗೆ ಹಾಕುವರು. ಹಸಿಯ ಬೀಜದಲ್ಲಿ ಜೀರ್ಣಕ್ಕೆ ಅಡ್ಡಿಯಾಗುವ ಪದಾರ್ಥಗಳಿರುವುದರಿಂದ ಹುರಿಯುವುದು ಅವಶ್ಯಕ. ಎಣ್ಣೆಯು ಹೆಚ್ಚಾಗಿ ಮೈಗೆ ಹಚ್ಚುವುದಕ್ಕೂ ಅಲಂಕಾರ ದ್ರವ್ಯಗಳಿಗೂ ಉಪಯೋಗವಾಗುವುದು. ಬೀಜದ ಹೊದಿಕೆ ಬಹು ಗಟ್ಟಿಯಾದುದರಿಂದ ಗಾಣಕ್ಕೆ ಹಾಕುವುದು ಸುಲಭವಲ್ಲ.

4. ತೊಗಟೆಯ ನಾರು. ಒಳತೊಗಟೆಯಿಂದ ಬಲವಾದ ನಾರು ದೊರೆಯುವುದು. ಇದರಿಂದ ಹಗ್ಗ, ಚಾಪೆ, ಬುಟ್ಟಿ, ಚೀಲ ಮೊದಲಾದವುಗಳನ್ನು ಮಾಡುವರು. ಬೇರೆ ಮರಗಳ ತೊಗಟೆಯನ್ನು ಸುತ್ತಲೂ ಸುಲಿದರೆ ಮರವು ಒಣಗುವುದನ್ನು ಎಲ್ಲರೂ ಬಲ್ಲರು. ಈ ಮರವಾದರೋ ಸುಲಿದ ಕಡೆ ಹೊಸ ತೊಗಟೆಯನ್ನು ಬೆಳೆಸಿಕೊಳ್ಳುವ ವಿಶೇಷ ಶಕ್ತಿಯುಳ್ಳದ್ದು. ಆಫ್ರಿಕಾದ ಹಳೆಯ ಮರಗಳ ಬುಡದ ಮೇಲೆ ಆಳೆತ್ತರದ ವರೆಗೆ ಕಾಣುವ ಮಡಿಕೆಗಳೂ ಗುರುತುಗಳೂ ತಲೆತಲಾಂತರದಿಂದ ಸುಲಿದುದರ ದಾಖಲೆಗಳೆನ್ನಬಹುದು. ಆದರೆ ಹೊಸ ತೊಗಟೆ ಬಲಿಯಲು ಕೆಲವು ವರ್ಷಗಳು ಬೇಕು. ಅದಕ್ಕೆ ಮೊದಲೇ ತಿರುಗಿ ಸುಲಿದಲ್ಲಿ ಮರವು ಕೃಶವಾಗುವುದು.

5. ನೀರಿನ ತೊಟ್ಟಿ. ಸುಡಾನ್ ದೇಶದ ಕೊರ್ದೊಫಾನ್ ಸೀಮೆಯ ಪಶ್ಚಿಮಭಾಗವು ಮರಳು ನೆಲ. ಬಾವಿ ತೋಡಿದರೆ ನೀರು ದೊರಕುವುದು ಕಷ್ಟ. ಅಲ್ಲಿಯ ಜನರು ತೆಬೆಲ್ದಿ ಎಂದು ಕರೆಯುವ ಈ ಮರದ ಕಾಂಡವನ್ನು ಮೇಲುಗಡೆಯಿಂದ ಕಂಡಿ ಮಾಡಿ ಒಳಗೆ ಕೊರೆದು ತೊಟ್ಟಿಯಂತೆ ಮಾಡಿಕೊಂಡರು. ಬುಡದ ಸುತ್ತಲೂ ತಗ್ಗು ತೋಡಿ, ಮಳೆಯ ನೀರು ಅಲ್ಲಿ ನಿಂತ ಕೂಡಲೇ ಚರ್ಮದ ಬೋಕೆಗಳಿಂದ ಎತ್ತಿ ಕಾಂಡದೊಳಗೆ ತುಂಬಿದರು. ಒಂದೊಂದು ಮರ ಸಾವಿರಾರು ಲೀಟರು ನೀರನ್ನು ಹಿಡಿಯುತ್ತಿತ್ತು. ಆ ನೀರು ಬೇಸಗೆಯವರೆಗೂ ಕೆಡದೆ ಉಳಿಯುತ್ತಿತ್ತು. ಹೀಗೆ ಕೊರೆದರೂ ಮರವು ಜೀವ ಬಿಡದೆ ಎಲೆಯನ್ನೂ ಕಾಯನ್ನೂ ಕೊಡುತ್ತಲೇ ಇತ್ತು. ಇಂತಹ ಮರಗಳಿಗೆ ಒಡೆಯರಿದ್ದರು. ಹೊಲದಂತೆ ಮರವೂ ತಂದೆಯಿಂದ ಮಕ್ಕಳಿಗೆ ಸಲ್ಲುತ್ತಿತ್ತು. ನಮ್ಮಲ್ಲಿ ಈ ಉಪಯೋಗಕ್ಕೆ ಅವಕಾಶವಿಲ್ಲ. ಕಾಂಡವನ್ನು ಕೊರೆಯುವ ಪ್ರಯತ್ನವನ್ನು ಯಾರೂ ಮಾಡಕೂಡದು. ಮರವು ಬದುಕಿದ್ದಾಗಲೇ ಆಸ್ತಿಯೆಂಬ ಮಾತಿಗೆ ನಿದರ್ಶನವಾಗಿ ಮಾತ್ರ ಇದನ್ನು ಇಲ್ಲಿ ಹೇಳಿದೆ.

6. ಔಷಧ. ಅಡನ್ಸನ್ನನು ಈ ಮರದ ಕಷಾಯವನ್ನು ಜ್ವರಕ್ಕೆ ಸೇವಿಸಿದನೆಂದು ಪ್ರಸಿದ್ಧಿಯುಂಟು. ಹೊಟ್ಟೆ ಕೆಟ್ಟಾಗ ತಿರುಳಿನ ಪಾನಕವನ್ನು ಕುಡಿಯುವ ವಾಡಿಕೆಯು ಅನೇಕ ಕಡೆಗಳಲ್ಲಿರುವುದು. ಆದರೂ ಮಲೇರಿಯಾ ಮೊದಲಾದ ಜ್ವರಗಳಿಗೆ ಇದನ್ನು ನಂಬಿ ವೈದ್ಯರ ಚಿಕಿತ್ಸೆಯನ್ನು ತಡಮಾಡುವುದು ಅಪಾಯಕರ. ಇದನ್ನು ಆಹಾರವೆಂದು ತಿಳಿದರೆ ಸಾಕು.

ಲಾಭದ ಲೆಕ್ಕ

ಮೇಲಿನ ವಿವರಗಳನ್ನು ಓದಿ, ಎಕರೆಗಟ್ಟಲೆ ಭೂಮಿಯಲ್ಲಿ ಈ ಮರಗಳನ್ನು ಹಾಕಿ ಹಣ ಗಳಿಸಬಹುದೆಂದು ಯಾರಾದರೂ ಆಲೋಚಿಸಿದರೆ ಅವರಿಗೆ ಸ್ಪಷ್ಟವಾಗಿ ಹೇಳಬೇಕಾದುದೇನೆಂದರೆ, ಇದು ತೋಟದ ಬೆಳೆಯಲ್ಲ. ಬೀಜದಿಂದ ಬಂದ ಮರವು ಮೊದಲ ಹೂವು ಬಿಡಲು ಅನುಕೂಲವಾದ ನೆಲದಲ್ಲಿ ಎಂಟು ಹತ್ತು ವರ್ಷಗಳೂ, ಇತರ ಕಡೆ ಇಪ್ಪತ್ತು ವರ್ಷಗಳೂ ಬೇಕಾಗುವುವು. ಹುಣಸೆಹಣ್ಣಿಗಿರುವಂತಹ ಪೇಟೆಯು ನಮ್ಮ ಸೀಮೆಯಲ್ಲಿ ಇದರ ಕಾಯಿಗಿಲ್ಲ. ಹೊರದೇಶಗಳ ಧಾರಣೆಯನ್ನು ಹೇಳಿ ಯಾರಾದರೂ ಹೆಚ್ಚಿನ ಬೆಲೆಗೆ ಸಸಿಗಳನ್ನು ಮಾರಲು ಬಂದರೆ, ಕಾಯನ್ನು ಕೊಳ್ಳುವವರು ಯಾರು, ಎಲ್ಲಿ, ಯಾವ ದರಕ್ಕೆ ಎಂಬುದನ್ನು ಬರಹದಲ್ಲಿ ಕೇಳಿ ಪಡೆಯುವುದು ಜಾಣತನ. ಬಾಯಿಮಾತಿನ ಮೇಲೆ ಸಾಲ ಮಾಡಿ ಸಸಿ ಕೊಳ್ಳತಕ್ಕದ್ದಲ್ಲ.

ಮತ್ತೊಂದು ಎಚ್ಚರಿಕೆ ಹತ್ತಿ ಬೆಳೆಯುವವರಿಗೆ ಸಂಬಂಧಿಸಿದುದು. ಬಂಧುತ್ವದಿಂದ ಉಂಟಾದ ಪ್ರತಿಕೂಲವೆಂದು ಮೊದಲು ಸೂಚಿಸಿದುದು ಇದೇ. ಹತ್ತಿಯ ಕಾಯನ್ನು ಕೆಡಿಸಿ ಅರಳೆಗೆ ಕಲೆ ಹಿಡಿಸುವ ಕೆಂಪು ತಿಗಣೆಯ ಜಾತಿಯ ಹುಳುಗಳು ದೊಡ್ಡ ಹುಣಸೆಯ ಬೀಜವನ್ನೂ ತಿಂದು ವೃದ್ಧಿಯಾಗುವುವು. ಆದುದರಿಂದ ಹತ್ತಿಯ ಹೊಲದ ಬದುವಿನಲ್ಲಿ ಈ ಮರವನ್ನು ನೆಡಕೂಡದು. ಈಗಾಗಲೇ ಮರವಿರುವಲ್ಲಿ, ಉದುರಿ ಒಡೆದ ಕಾಯಿಗಳನ್ನು ಆಗಾಗ್ಗೆ ಆಯ್ದು ತೆಗೆಯುವುದರಿಂದ ಹುಳುವಿನ ಹಾವಳಿ ಕಡಿಮೆಯಾಗುವುದು.

ಹಾಗಾದರೆ ಇದನ್ನು ನೆಡುವುದೇಕೆ ಎಂದು ಕೇಳಬಹುದು. ಮಾವು, ಹುಣಸೆಗಳು ಸೊರಗುವ ಒಣನೆಲದಲ್ಲಿಯೂ ಇದು ಬದುಕುವುದು. ವರ್ಷಕ್ಕೆ 12ರಿಂದ 32 ಅಂಗುಲ ಮಳೆಯಾಗುವ ಸೀಮೆ ಇದಕ್ಕೆ ಸಾಕು. ಬೆಳೆ ಕೈಕೊಟ್ಟ ವರ್ಷದಲ್ಲಿಯೂ ಸೊಪ್ಪನ್ನೂ ಮೇವನ್ನೂ ಕೊಡುವುದು. ಒಮ್ಮೆ ನೆಲೆಗೊಂಡರೆ ಹತ್ತಾರು ತಲೆಮಾರುಗಳಿಗೆ ಉಳಿಯುವುದು. ಗೋಮಾಳದ ಅಂಚು, ಶಾಲೆಯ ಬಯಲು, ದೇವಸ್ಥಾನದ ಆವರಣ, ಸಾಗುವಳಿಗೆ ಬಾರದ ಗರಸು ನೆಲ ಇಂತಹ ಸ್ಥಳಗಳಲ್ಲಿ ಊರಿಗೆ ನಾಲ್ಕೈದು ಮರಗಳು ಸಾಕು. ಇದು ಒಬ್ಬ ರೈತನ ಬೆಳೆಗಿಂತ ಹೆಚ್ಚಾಗಿ ಊರಿನ ಆಸ್ತಿ.

ಬೆಳೆಸುವ ಕ್ರಮ

ಬೀಜದ ಹೊದಿಕೆಯು ಕಲ್ಲಿನಂತಿರುವುದರಿಂದ ಹಾಗೆಯೇ ಬಿತ್ತಿದರೆ ಬಹುಕಾಲ ಮೊಳೆಯದೆ ಬಿದ್ದಿರುವುದು. ಕುದಿಯುವ ನೀರನ್ನು ಒಲೆಯಿಂದಿಳಿಸಿ, ಬೀಜಗಳನ್ನು ಅದರಲ್ಲಿ ಹಾಕಿ, ನೀರು ತಾನಾಗಿ ಆರುವಂತೆ ಬಿಟ್ಟು, ಒಂದು ಹಗಲು ಒಂದು ರಾತ್ರಿ ನೆನೆಯಿಸತಕ್ಕದ್ದು. ಬೀಜಗಳು ಕೆಲವೇ ಇದ್ದಲ್ಲಿ ಅರದಿಂದ ಹೊದಿಕೆಯ ಒಂದು ಮಗ್ಗುಲನ್ನು ಒಳಗಿನ ಬೇಳೆಗೆ ತಾಗದಂತೆ ಉಜ್ಜಿ, ತಣ್ಣೀರಿನಲ್ಲಿ ನೆನೆಯಿಸುವುದು ಇನ್ನೂ ಉತ್ತಮ. ಎಲ್ಲವೂ ಒಂದೇ ಸಲ ಮೊಳೆಯಲಾರವು. ಕೆಲವು ವಾರಗಳ ಕಾಲ ತಾಳ್ಮೆಯಿಂದ ಕಾಯಬೇಕು. ಬೇಕಾದುದಕ್ಕಿಂತ ಹೆಚ್ಚು ಬೀಜ ಬಿತ್ತುವುದು ಒಳ್ಳೆಯದು.

ತಾಯಿಬೇರು ಗೆಡ್ಡೆಯಂತೆ ದಪ್ಪನಾಗಿ ಆಳಕ್ಕಿಳಿಯುವುದರಿಂದ ಆಳವಾದ ಚೀಲಗಳಲ್ಲಿ, ಮರಳು ಬೆರೆತ ಮಣ್ಣಿನಲ್ಲಿ ಸಸಿ ಮಾಡಬೇಕು. ಸಸಿಯು ಒಂದರಿಂದ ಒಂದೂವರೆ ಅಡಿ ಎತ್ತರವಾದ ಮೇಲೆ, ಮುಂಗಾರು ಮಳೆ ನಿಂತು ಬಿದ್ದ ನಂತರ, 30ರಿಂದ 50 ಅಡಿ ಅಂತರದಲ್ಲಿ ನೆಡತಕ್ಕದ್ದು. ನೀರು ಬಸಿದು ಹೋಗುವ ಎತ್ತರದ ನೆಲವನ್ನೇ ಆರಿಸಬೇಕು; ಕೆರೆಯ ಹಿಂಭಾಗ, ಜೌಗು, ನೀರು ನಿಲ್ಲುವ ಎರೆಯ ತಗ್ಗು ಇವು ಕೂಡವು. ಎಲೆ ಉದುರಿದ ಚಳಿಗಾಲದಲ್ಲಿ ಕನಿಕರದಿಂದ ನೀರು ಹೊಯ್ದರೆ ಎಳೆಯ ಗಿಡದ ಬೇರು ಕೊಳೆಯುವುದು. ಬೋಳಾದ ಗಿಡವು ಸತ್ತಿತೆಂದು ಕಿತ್ತೆಸೆಯಲೂ ಬಾರದು. ಮುಂದಿನ ಮಳೆಯ ತನಕ ನೋಡಬೇಕು.

ಇಲ್ಲಿ ಎರಡು ಸಂಗತಿಗಳನ್ನು ವಿಶೇಷವಾಗಿ ಗಮನಿಸತಕ್ಕದ್ದು. ಮೊದಲನೆಯದಾಗಿ, ಎಳೆಯ ಸಸಿಯ ಎಲೆಗಳು ಬೆರಳುಗಳಾಗಿ ಒಡೆದಿರುವುದಿಲ್ಲ. ಬಿಡಿಬಿಡಿಯಾಗಿ ಸಾಧಾರಣ ಗಿಡದ ಎಲೆಗಳಂತೆಯೇ ಇರುವುವು. ದೊಡ್ಡ ಮರವನ್ನು ಬಲ್ಲವರೂ ಸಸಿಯನ್ನು ಗುರುತಿಸಲಾರರು. ಕಳೆಯೆಂದು ಕಿತ್ತುಹೋಗುವ ಸಸಿಗಳೂ, ಆಡುಕುರಿಗಳ ಬಾಯಿಗೆ ಬೀಳುವ ಸಸಿಗಳೂ ಉಂಟು. ಆಫ್ರಿಕಾದಲ್ಲಿ ಕಾಯನ್ನು ತಿಂದು ಬೀಜವನ್ನು ಹರಡುವ ಆನೆಗಳೂ ಕೋತಿಗಳೂ ಇರುವುವು. ನಮ್ಮ ಬಯಲುಸೀಮೆಯ ಊರುಗಳಲ್ಲಿ ಆ ಅನುಕೂಲವೂ ಇಲ್ಲ. ಆದುದರಿಂದ ಸಸಿಗೆ ಮುಳ್ಳಿನ ಬೇಲಿಯೂ ಗುರುತಿನ ಕಲ್ಲೂ ಅವಶ್ಯಕ.

ಎರಡನೆಯದಾಗಿ, ಈ ಮರದ ಹೂವು ತನ್ನ ಮರದ ಪರಾಗದಿಂದಲೇ ಚೆನ್ನಾಗಿ ಕಾಯಿಗಟ್ಟದು. ಬೇರೆ ಮರದ ಪರಾಗ ಬೇಕು. ಹೂವು ಬಿಟ್ಟರೂ ಕಾಯಿ ಹಿಡಿಯದ ಮರಗಳನ್ನು ಆಫ್ರಿಕಾದವರು ಗಂಡುಮರವೆಂದು ಕರೆಯುವರು. ಒಂಟಿಮರವನ್ನು ನೆಟ್ಟು ಕಾಯಿಗಾಗಿ ಕಾದರೆ ನಿರಾಶೆಯೇ ಫಲವಾಗಬಹುದು. ಕನಿಷ್ಠ ಮೂರು ನಾಲ್ಕು ಸಸಿಗಳನ್ನು, ಸಾಧ್ಯವಾದರೆ ಬೇರೆ ಬೇರೆ ತಾಯಿಮರಗಳ ಬೀಜದಿಂದ ಬಂದವನ್ನು, ಒಂದೇ ಆವರಣದಲ್ಲಿ ನೆಡುವುದು ಸೂಕ್ತ. ಚೆನ್ನಾಗಿ ಕಾಯಿಬಿಡುವ ಮರದ ಕಡ್ಡಿಯನ್ನು ಸಸಿಗೆ ಕಸಿಮಾಡಿದರೆ ಕೆಲವೇ ವರ್ಷಗಳಲ್ಲಿ ಫಲ ಬರುವುದೆಂಬುದು ಪಶ್ಚಿಮ ಆಫ್ರಿಕಾದಲ್ಲಿ ಸಿದ್ಧವಾಗಿರುತ್ತದೆ. ಮಾವಿನ ಕಸಿಯಲ್ಲಿ ಕೈ ಪಳಗಿದವರು ಈ ಪ್ರಯೋಗವನ್ನು ಮಾಡಿನೋಡಬಹುದು.

ಹಳೆಯ ಮರಗಳ ರಕ್ಷಣೆ

ಹೊಸ ಸಸಿಗಳಿಗಿಂತ ತುರ್ತಾದುದು ಇರುವ ಮರಗಳ ರಕ್ಷಣೆ. 2018ರಲ್ಲಿ ಪ್ರಕಟವಾದ ಸಂಶೋಧನೆಯೊಂದರ ಪ್ರಕಾರ, ಆಫ್ರಿಕಾದ ಅತ್ಯಂತ ಹಳೆಯ 13 ಮರಗಳಲ್ಲಿ 9 ಮರಗಳು 2005ರಿಂದೀಚೆಗೆ ಸತ್ತುವು ಅಥವಾ ಅವುಗಳ ಅತಿ ಹಳೆಯ ಭಾಗಗಳು ಕುಸಿದುವು. ಮೇಲೆ ಹೇಳಿದ ಪಾಂಕೆಯೂ ಈ ಪಟ್ಟಿಯಲ್ಲಿ ಸೇರಿರುವುದು. ಬೋಟ್ಸ್‌ವಾನಾ ದೇಶದ ಚಾಪ್‌ಮನ್ ಎಂಬ ಹೆಸರಿನ ಪ್ರಸಿದ್ಧ ಮರವು 2016ರಲ್ಲಿ ಉರುಳಿತು. ಹವೆಯಲ್ಲಿ ಉಷ್ಣವೂ ಬರವೂ ಹೆಚ್ಚಿರುವುದೇ ಇದಕ್ಕೆ ಕಾರಣವಿರಬಹುದೆಂದು ಆ ವಿದ್ವಾಂಸರು ಊಹಿಸಿರುವರು. ಸವಣೂರಿನಲ್ಲಿಯೂ 2023ರ ಮಳೆಗಾಲದಲ್ಲಿ ಮೂರು ಮರಗಳಲ್ಲಿ ಒಂದು ಬುಡಸಹಿತ ಉರುಳಿತು. ಯಂತ್ರಗಳ ನೆರವಿನಿಂದ ಅದನ್ನು ಅಲ್ಲಿಯೇ ತಿರುಗಿ ನಿಲ್ಲಿಸಲಾಯಿತು. ಬೇರೆ ಜಾತಿಯ ಮರವಾಗಿದ್ದರೆ ಬಿದ್ದ ಮೇಲೆ ಹರಾಜಿನಲ್ಲಾದರೂ ನಾಲ್ಕು ಕಾಸು ಬರುತ್ತಿತ್ತು. ದೊಡ್ಡ ಹುಣಸೆಯು ಬಿದ್ದು ಸತ್ತರೆ ಕೆಲವೇ ಕಾಲದಲ್ಲಿ ಕೊಳೆತು ನಾರಿನ ರಾಶಿಯಾಗುವುದು. ಉಳಿಯುವುದು ಬರಿಯ ತಗ್ಗು. ಆದ ಕಾರಣ ಬೀಳುವುದಕ್ಕೆ ಮೊದಲೇ ಮಾಡಬೇಕಾದ ಆರೈಕೆಯನ್ನು ಮಾಡುವುದೇ ವಿವೇಕ. ಅದಾವುದೆಂದರೆ:

1. ಬುಡದ ಸುತ್ತ ಮಣ್ಣನ್ನಾಗಲಿ ಕಸವನ್ನಾಗಲಿ ಏರಿಹಾಕಕೂಡದು. ಕಟ್ಟೆ ಕಟ್ಟುವುದಾದರೆ ಕಾಂಡದಿಂದ ಸಾಕಷ್ಟು ದೂರದಲ್ಲಿ ಕಟ್ಟಿ, ಒಳಗಿನ ನೆಲವನ್ನು ಮೊದಲಿನ ಮಟ್ಟದಲ್ಲಿಯೇ ಬಿಡತಕ್ಕದ್ದು. ತೇವದ ಮಣ್ಣು ತೊಗಟೆಗೆ ಒತ್ತಿದರೆ ಕೊಳೆ ಹಿಡಿಯುವುದು.

2. ಮಳೆಯ ನೀರು ಬುಡದಲ್ಲಿ ನಿಲ್ಲದಂತೆ ಕಾಲುವೆ ತೆಗೆಯಬೇಕು. ಬಚ್ಚಲು ನೀರನ್ನೂ ಚರಂಡಿಯನ್ನೂ ಅತ್ತ ತಿರುಗಿಸಕೂಡದು.

3. ರಸ್ತೆಗೆಂದೋ ಕಟ್ಟಡಕ್ಕೆಂದೋ ಬೇರುಗಳನ್ನು ಕಡಿಯಬಾರದು. ಈ ಮರದ ಬೇರುಗಳು ಆಳಕ್ಕಿಂತ ಅಗಲಕ್ಕೆ ಹೆಚ್ಚು ದೂರ ಹರಿದಿರುವುವು. ಒಂದು ಪಕ್ಕದ ಬೇರುಗಳನ್ನು ಕಡಿದರೆ ಭಾರವೆಲ್ಲ ಇನ್ನೊಂದು ಪಕ್ಕಕ್ಕೆ ಬೀಳುವುದು.

4. ಟೊಳ್ಳಿನಲ್ಲಿ ದೀಪ, ಕರ್ಪೂರ, ಕಸದ ಬೆಂಕಿ ಇವನ್ನು ಹಚ್ಚಗೊಡಬಾರದು. ಪೂಜೆಯು ಮರದ ಮುಂದೆ ನಡೆಯಲಿ. ಮರದ ಒಳಗೆ ಬೇಡ. ಟೊಳ್ಳನ್ನು ಸಿಮೆಂಟಿನಿಂದ ತುಂಬುವುದೂ ಹಿತವಲ್ಲ, ನೀರು ಒಳಗೇ ಸಿಕ್ಕಿಕೊಳ್ಳುವುದು.

5. ಒಂದು ಕಡೆ ಅತಿಯಾಗಿ ಬಾಗಿದ ಅಥವಾ ಒಣಗಿದ ಕೊಂಬೆ ಕಂಡರೆ ತಮ್ಮ ಇಚ್ಛೆಯಂತೆ ಕಡಿಯದೆ ಅರಣ್ಯ ಇಲಾಖೆಯವರಿಗೆ ತಿಳಿಸಿ ಅವರ ಸಲಹೆಯಂತೆ ನಡೆಯತಕ್ಕದ್ದು.

ಗ್ರಾಮದ ಮುಖ್ಯಸ್ಥರಿಗೆ ಸೂಚನೆ

2002ರ ಜೀವವೈವಿಧ್ಯ ಅಧಿನಿಯಮದ ಮೇರೆಗೆ ಗ್ರಾಮ ಪಂಚಾಯಿತಿಗಳಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳೂ, ಊರಿನ ಗಿಡಮರ ಪ್ರಾಣಿಗಳನ್ನು ಬರೆದಿಡುವ ದಾಖಲೆ ಪುಸ್ತಕವೂ ಇರತಕ್ಕದ್ದು. ತಮ್ಮ ಗ್ರಾಮದಲ್ಲಿ ದೊಡ್ಡ ಹುಣಸೆಯ ಮರವಿದ್ದರೆ ಅದರ ಸ್ಥಳ, ಎದೆಮಟ್ಟದಲ್ಲಿ ಸುತ್ತಳತೆ, ಕಾಯಿ ಬಿಡುವುದೋ ಇಲ್ಲವೋ, ಬುಡದಲ್ಲಿ ಎಳೆಯ ಸಸಿಗಳಿರುವುವೋ ಇಲ್ಲವೋ ಎಂಬ ನಾಲ್ಕು ಸಂಗತಿಗಳನ್ನು ಆ ಪುಸ್ತಕದಲ್ಲಿ ಬರೆಯಿಸಬೇಕು. ಪ್ರತಿ ವರ್ಷ ಮಳೆಗಾಲದ ಮುಂಚೆ ಒಮ್ಮೆ ಮರವನ್ನು ಸುತ್ತಿ ನೋಡಿ, ಬುಡದಲ್ಲಿ ಹೊಸ ಬಿರುಕು, ನೆಲದ ಉಬ್ಬು, ಕಾಂಡದ ವಾಲು ಕಂಡುಬಂದರೆ ಕೂಡಲೇ ವರದಿ ಮಾಡಬೇಕು. ಬೇಸಗೆಯಲ್ಲಿ ಉದುರಿದ ಕಾಯಿಗಳಲ್ಲಿ ಹತ್ತನ್ನು ಆಯ್ದಿಟ್ಟು, ಶಾಲೆಯ ಮಕ್ಕಳ ಕೈಯಿಂದಲೇ ಬೀಜ ಬಿಡಿಸಿ ಸಸಿ ಮಾಡಿಸಿದರೆ ವೆಚ್ಚವೇನೂ ಆಗಲಾರದು. ತಿರುಳಿನ ಪಾನಕವು ಮಕ್ಕಳಿಗೆ ಸಂಬಳವಾಗುವುದು.

ನಮ್ಮ ಪೂರ್ವಿಕರು ಸಮುದ್ರದಾಚೆಯಿಂದ ಬಂದ ಬೀಜವನ್ನು ಈ ನೆಲದಲ್ಲಿ ನೆಟ್ಟು ಬೆಳೆಸಿದುದರಿಂದ ಇಂದು ನಮಗೆ ನೋಡಲಿಕ್ಕೆ ಮರಗಳಿರುವುವು. ಅವುಗಳ ನೆರಳಿನಲ್ಲಿ ಎಳೆಯ ಮರಗಳು ಇಲ್ಲದಿರುವುದು ನಮ್ಮ ಕಾಲದ ಕೊರತೆ. ಮುಂದಿನ ಮುಂಗಾರಿಗೆ ಸಸಿ ಸಿದ್ಧವಾಗಬೇಕಾದರೆ ಬೀಜವನ್ನು ಫೆಬ್ರವರಿ, ಮಾರ್ಚಿ ತಿಂಗಳುಗಳಲ್ಲಿಯೇ ನೆನೆಯಿಸಿ ಚೀಲಕ್ಕೆ ಹಾಕತಕ್ಕದ್ದು.